ನೀಲಿ ಹರಳಿನ ಡಬ್ಬಿ

ಹೋದ ವಾರ ಚಕ್ಕುಲಿ ಒರಳು ಹುಡುಕುತ್ತಾ ಅಡುಗೆಮನೆಯ ಮೇಲಿನ ಕಪಾಟಿಗೆ ಕೈ ಹಾಕಿದೆ. ಒರಳು ಸಿಗಲಿಲ್ಲ. ಹಿಂದೆ ಮೂಲೆಯಲ್ಲಿದ್ದ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಸಿಕ್ಕಿತು. ದುಬೈಯಲ್ಲೇ ಡಿಸ್ಕವರಿ ಗಾರ್ಡನ್ಸ್ ಬಿಟ್ಟು ಅಲ್ ಬರ್ಷಾಕ್ಕೆ ಮನೆ ಬದಲಾಯಿಸುವಾಗ ಬಂದ ಸಾಮಾನು. ಅಲ್ಲಾಡಿಸಿದರೆ ಒಳಗೆ ಜರಜರ ಎಂದಿತು. ಆ ಸದ್ದಿನಿಂದಲೇ ಯಾವ ಡಬ್ಬಿ ಎಂದು ತಿಳಿಯಿತು.

ಮುಚ್ಚಳ ಕಚ್ಚಿಕೊಂಡಿತ್ತು. ಚಮಚದ ಹಿಡಿಯಿಂದ ಎಬ್ಬಿಸಿದೆ. ಒಳಗೆ ಸಾಬಕ್ಕಿಯಷ್ಟು ದಪ್ಪದ ಹರಳುಗಳು, ಎಲ್ಲವೂ ಗುಲಾಬಿ. ಇರಬೇಕಾದ ಬಣ್ಣ ನೀಲಿ. ಮುಚ್ಚಳದ ಮೇಲೆ ಬಿಳಿ ಪಟ್ಟಿ ಅಂಟಿಸಿ, ಮಕ್ಕಳಿಗೆ ಸ್ಲೇಟಿನಲ್ಲಿ ಬರೆದುಕೊಡುವಷ್ಟು ದೊಡ್ಡ ಅಕ್ಷರದಲ್ಲಿ ಬರೆದಿತ್ತು: ‘ನೀಲಿ ಇದ್ದರೆ ಸರಿ. ಗುಲಾಬಿ ಆದರೆ ಹುರಿಯಿರಿ.’ ನನಗೋಸ್ಕರ ಅಷ್ಟು ದೊಡ್ಡದಾಗಿ ಬರೆದದ್ದು. ನಾನು ಕಲಿತದ್ದು ನಾಲ್ಕನೇ ಕ್ಲಾಸು. ಬರೆದವರು ಆಗ ಎದುರು ಮನೆಯಲ್ಲಿದ್ದ ಬಾಯಮ್ಮ.

ನಮ್ಮ ಉಡುಪಿ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಅವರಿಗೆ ಹೆಸರು ಇರಲಿಲ್ಲವೆಂದಲ್ಲ. ನಾನು ಕರೆಯಲಿಲ್ಲ, ಅಷ್ಟೆ. ಅವರೂ ನನ್ನನ್ನು ಅಕ್ಕ ಎಂದರೇ ಹೊರತು ಹೆಸರು ಕೇಳಲಿಲ್ಲ.

ನಾನು ದುಬೈಗೆ ಬಂದದ್ದು ಮೊಮ್ಮಗಳನ್ನು ನೋಡಿಕೊಳ್ಳಲು. ಮೆಟ್ರೋ ಶುರುವಾಗಿ ನಾಲ್ಕೈದು ವರ್ಷ ಆಗಿತ್ತು. ಮಗ, ಸೊಸೆ ಬೆಳಿಗ್ಗೆ ಹೋದರೆ ಬರುವುದು ಸಂಜೆ. ಮಗು ಶಾಲೆಯಿಂದ ಬರುವವರೆಗೆ ನಾನು, ನಾಲ್ಕು ಗೋಡೆ, ಏಸಿ. ಊರಿನಲ್ಲಾದರೆ ಒಂದು ಕಾಗೆಯಾದರೂ ಬಂದು ಮಾತಾಡಿಸುತ್ತದೆ. ಇಲ್ಲಿ ಉದ್ದ ಕಾರಿಡಾರು, ಎರಡೂ ಕಡೆ ಬಾಗಿಲು, ಎಲ್ಲಕ್ಕೂ ಒಂದೇ ಬಣ್ಣ, ಎಲ್ಲವೂ ಮುಚ್ಚಿದ್ದು. ಒಳಗೆ ಜನ ಇದ್ದಾರೋ ಇಲ್ಲವೋ ದೇವರಿಗೇ ಗೊತ್ತು.

ಒಂದು ಮಧ್ಯಾಹ್ನ ಗಂಜಿ ಉಣ್ಣುತ್ತಾ ಕೂತಿದ್ದೆ. ಎದುರು ಬಾಗಿಲಿನ ಹಿಂದೆ ಏನೋ ತಿರುಗುವ ಸದ್ದು. ಗ್ರೈಂಡರ್ ಅಲ್ಲ, ಗ್ರೈಂಡರಿನ ಸದ್ದು ನನಗೆ ಗೊತ್ತು. ಇದು ಸಣ್ಣಗೆ ಶುರುವಾಗಿ, ಏರಿ ಏರಿ, ಯಾರೋ ಹಲ್ಲು ಕಚ್ಚಿಕೊಂಡು ಅಳುವ ಹಾಗೆ ಆಗಿ, ಮತ್ತೆ ಇಳಿದು ನಿಂತಿತು. ಸ್ವಲ್ಪ ಹೊತ್ತಿಗೆ ಪುನಃ ಶುರು. ಮೂರನೇ ಸಲಕ್ಕೆ ನಾನು ಕೈ ತೊಳೆದು ಹೋಗಿ ಬಾಗಿಲು ತಟ್ಟಿದೆ. ತೆರೆದ ಮುಖ ನೋಡಿದರೆ ನಮ್ಮ ಕಡೆಯದೇ ಎಂದು ಗೊತ್ತಾಯಿತು.

“ಎಂತ ಅರೆಯುದು ನೀವು?” ಎಂದೆ.

“ರಕ್ತ,” ಎಂದರು ಅವರು. ನನ್ನ ಮುಖ ನೋಡಿ ನಕ್ಕರು. “ಅಲ್ಲ ಮಾರಾಯ್ರೆ, ಲ್ಯಾಬಿನಲ್ಲಿ ರಕ್ತ ತಿರುಗಿಸುವ ಮಿಷನ್ ಇದು, ಈಗ ಒಳಗೆ ಬರೀ ನೀರು. ಒಳಗೆ ಬನ್ನಿ, ಬನ್ನಿ.”

ಅವರು ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ರಕ್ತ ನೋಡಿದ ಹೆಂಗಸು. ಮದುವೆ ಆಗಿರಲಿಲ್ಲ. ಆಗಿದ್ದರೆ ಗಂಡನನ್ನು ಎಲ್ಲಿ ಕೂರಿಸುತ್ತಿದ್ದರೋ, ಯಾಕೆಂದರೆ ಆ ಹಾಲಿನಲ್ಲಿ ಒಂದು ಸೋಫಾ ಇರಲಿಲ್ಲ. ಗೋಡೆಯ ಉದ್ದಕ್ಕೂ ಎರಡು ಮೇಜು. ಮೇಜಿನ ಮೇಲೆ ಹನ್ನೆರಡು… ಏನೆನ್ನಲಿ, ನನಗೆ ಮೊದಲು ಮನುಷ್ಯರ ಹಾಗೇ ಕಂಡಿತು. ತಲೆ ತಗ್ಗಿಸಿ, ಬಿಳಿ ಮುಸುಕು ಹಾಕಿಕೊಂಡು, ಸಾಲಾಗಿ ಕೂತ ಹನ್ನೆರಡು ಗಿಡ್ಡ ಹೆಂಗಸರು. ಸಾವಿನ ಮನೆಯಲ್ಲಿ ಕೂರುತ್ತಾರಲ್ಲ, ಹಾಗೆ. ಬಾಯಮ್ಮ ಒಂದರ ಮುಸುಕು ಎಳೆದರು. ತಲೆದಿಂಬಿನ ಕವರು. ಒಳಗೆ ಮೈಕ್ರೋಸ್ಕೋಪು.

ಇಲ್ಲಿನ ಕ್ಲಿನಿಕ್‌ಗಳಲ್ಲಿ, ಶಾಲೆಗಳಲ್ಲಿ ಹೊಸದು ಬಂದರೆ ಹಳೆಯದಕ್ಕೆ ಜಾಗ ಇಲ್ಲ. ಬಾಯಮ್ಮ ಹೋಗಿ ಕೇಳುವುದು, ಕಾಗದ ಮಾಡಿಸುವುದು, ಟ್ಯಾಕ್ಸಿಯಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತರುವುದು. ಆಮೇಲೆ ಒಂದೊಂದನ್ನೂ ಬಿಚ್ಚಿ ಒರೆಸಿ, ದಿನವಿಡೀ ಉರಿಸಿ ನೋಡಿ, ನಂಬರ್ ಹಾಕಿ ಇಡುವುದು. ಎಲ್ಲವೂ ಹೋಗುವುದು ಉಗಾಂಡಕ್ಕೆ. ಅಲ್ಲಿ ಒಂದು ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ಟೀಚರಮ್ಮ ಹಿಂದೆ ಅಬುಧಾಬಿಯ ರುವೈಸ್ ಕಡೆ ಇವರ ಜೊತೆ ಒಂದೇ ಲ್ಯಾಬಿನಲ್ಲಿ ಕೆಲಸ ಮಾಡಿದವರು. ಊರಿಗೆ ವಾಪಸು ಹೋಗಿ ದೊಡ್ಡ ಓದು ಓದಿ, ಕೆರೆಯ ನೀರಿನ ಹುಳಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಅಲ್ಲಿ ದೊಡ್ಡ ಸರೋವರ ಉಂಟಂತೆ. ಮಕ್ಕಳು ಅದರಲ್ಲಿ ಮಿಂದರೆ ಕಣ್ಣಿಗೆ ಕಾಣದ ಹುಳ ಚರ್ಮ ತೂತು ಮಾಡಿ ಒಳಗೆ ಹೋಗುತ್ತದಂತೆ. ಯಾವ ದಡದಲ್ಲಿ ಹುಳ ಉಂಟು, ಎಲ್ಲಿ ಇಲ್ಲ ಎಂದು ತಿಳಿಯಲು ನೀರನ್ನೂ ಆ ಹುಳ ಬೆಳೆಯುವ ಬಸವನಹುಳವನ್ನೂ ನೋಡಬೇಕು. ನೋಡಲು ಅವರಲ್ಲಿ ಇದ್ದದ್ದು ಒಂದೇ ಒಂದು ಮೈಕ್ರೋಸ್ಕೋಪು, ಹುಡುಗ ಹುಡುಗಿಯರು ನಲವತ್ತು ಮಂದಿ. ವರಾಂಡದ ತುದಿಯವರೆಗೆ ಸಾಲು ನಿಂತು, ಹತ್ತು ಎಣಿಸುವಷ್ಟು ಹೊತ್ತು ಇಣುಕಿ, ಎದ್ದು ಹೋಗಬೇಕು. ಕಾಗದದಲ್ಲಿ ಇದನ್ನೆಲ್ಲ ಬರೆಯುತ್ತಿದ್ದರು, ಬಾಯಮ್ಮ ನನಗೆ ಓದಿ ಹೇಳುತ್ತಿದ್ದರು.

“ಮತ್ತೆ ದೊಡ್ಡ ದೇಶದವರು ಯಾರೂ ಕೊಡುದಿಲ್ವಾ ಅವರಿಗೆ?” ಎಂದು ಕೇಳಿದೆ.

“ಕೊಟ್ಟಿದ್ದಾರೆ. ಕಪಾಟಿನಷ್ಟು ದೊಡ್ಡ ಮಿಷನ್ ಕಳಿಸಿದ್ರಂತೆ. ಪ್ಲಗ್ ಇಲ್ಲ, ಪುಸ್ತಕ ಇಲ್ಲ, ಒಳಗಿನ ಒಂದು ಪಾರ್ಟೂ ಇಲ್ಲ. ಈಗ ಅದರ ಮೇಲೆ ಕೋಳಿ ಮಲಗುದು.” ಬಾಯಮ್ಮ ಮುಖ ಸಿಂಡರಿಸಿದರು. “ನಮ್ಮ ಮನೆಯ ಕಸ ಅವರ ಮನೆಗೆ ಹಾಕಿ, ದಾನ ಮಾಡಿದೆ ಅಂತ ಫೋಟೋ ತೆಗೆಸಿಕೊಳ್ಳುದು. ನನ್ನದು ಒಂದೂ ಹಾಗೆ ಹೋಗ್ಬಾರ್ದು ಅಕ್ಕ. ಪೆಟ್ಟಿಗೆ ಬಿಚ್ಚಿದ ದಿನವೇ ಉರಿಯಬೇಕು.”

ಅದಕ್ಕಾಗಿ ಪ್ರತಿಯೊಂದಕ್ಕೂ ಒಂದು ಚೀಟಿ ಬರೆಯುತ್ತಿದ್ದರು. ಯಾವ ಬಲ್ಬು, ಯಾವ ಫ್ಯೂಸು, ಎಲ್ಲಿ ಬಿಗಿ, ಎಲ್ಲಿ ಸಡಿಲ. ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ತಾಯಿ ಅವಳ ಗುಣದೋಷ ಎಲ್ಲ ಬರೆದು ಕಳಿಸಿದ ಹಾಗೆ.

ಎರಡನೇ ದಿನವೋ ಮೂರನೇ ದಿನವೋ ನನ್ನನ್ನೂ ಇಣುಕಲು ಹೇಳಿದರು. ಕಣ್ಣಿಟ್ಟೆ. ಬೆಳ್ಳಗಿನ ಒಂದು ವೃತ್ತ. ಅದರೊಳಗೆ ಕಪ್ಪು ಕಪ್ಪು ಕಾಲುಗಳ ಸಾಲು, ಮುಚ್ಚಿ ತೆರೆದು ಮಾಡುತ್ತಿತ್ತು. ಆ ಕಡೆಯಿಂದ ಯಾರೋ ನನ್ನನ್ನು ಇಣುಕುತ್ತಿದ್ದರು. ನಾನು ಹಿಂದಕ್ಕೆ ಹಾರಿದೆ, ಸ್ಟೂಲು ಬಿತ್ತು.

“ಅದು ನಿಮ್ಮದೇ ರೆಪ್ಪೆ ಕೂದಲು,” ಎಂದರು ಬಾಯಮ್ಮ. “ಎಲ್ಲರೂ ಮೊದಲು ನೋಡುದು ಅದನ್ನೇ.”

ಆಮೇಲೆ ನನಗೊಂದು ಕೆಲಸ ಸಿಕ್ಕಿತು. ಗಾಜಿಗೆ ಪಸೆ ತಾಗಬಾರದೆಂದು ಪ್ರತಿ ಮೈಕ್ರೋಸ್ಕೋಪಿನ ಮುಸುಕಿನೊಳಗೆ ನೀಲಿ ಹರಳಿನ ಸಣ್ಣ ಗಂಟು ಇಡುತ್ತಿದ್ದರು. ಆ ಹರಳು ಗಾಳಿಯ ಪಸೆ ಕುಡಿಯುತ್ತದೆ, ಕುಡಿದು ಕುಡಿದು ಗುಲಾಬಿ ಆಗುತ್ತದೆ. ಬೇರೆಯೇ ಒಂದು ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಪುನಃ ನೀಲಿ. ಬಾಯಮ್ಮನಿಗೆ ಹುರಿಯಲು ಬರುವುದಿಲ್ಲ, ಸೀದು ಕಪ್ಪು ಮಾಡುತ್ತಿದ್ದರು. ಮೆಂತೆ ಕೊತ್ತಂಬರಿ ಐವತ್ತು ವರ್ಷ ಹುರಿದ ಕೈ ನನ್ನದು. “ಕೊಡಿ ಇಲ್ಲಿ,” ಎಂದು ತೆಗೆದುಕೊಂಡೆ. ಕಾದ ಹೆಂಚಿನ ಮೇಲೆ ನೀರು ಚಿಮುಕಿಸಿದಂಥ ವಾಸನೆ ಬರುತ್ತದೆ. ಗುಲಾಬಿ ಮಾಸಿ, ನೇರಳೆಯಾಗಿ, ಆಮೇಲೆ ಒಂದೊಂದೇ ಹರಳು ಕಣ್ಣು ಬಿಟ್ಟ ಹಾಗೆ ನೀಲಿ ಆಗುತ್ತದೆ. ಬಿಸಿ ಇರುವಾಗಲೇ ಈ ಡಬ್ಬಿಗೆ ಸುರಿದು ಮುಚ್ಚಬೇಕು. ಸ್ವಲ್ಪ ಹೊತ್ತಿಗೆ ತಣಿಯುತ್ತಾ ತಗಡು ಒಳಕ್ಕೆ ಎಳೆದುಕೊಂಡು ‘ಟಕ್’ ಎನ್ನುತ್ತದೆ. ಯಾರೋ ಒಳಗಿನಿಂದ ಬೆರಳಿನಲ್ಲಿ ಬಡಿದ ಹಾಗೆ. ಪ್ರತಿ ಸಲವೂ ಬಾಯಮ್ಮ ಎಲ್ಲಿದ್ದರೂ ಅಲ್ಲಿಂದಲೇ, “ಹಾಂ, ಹೇಳಿ,” ಎನ್ನುತ್ತಿದ್ದರು. ತಮಾಷೆಗೆ. ನನಗೆ ಮಾತ್ರ ಅದು ಅಷ್ಟು ಹಿಡಿಸುತ್ತಿರಲಿಲ್ಲ.

ಹಿಡಿಸದ್ದು ಇನ್ನೊಂದಿತ್ತು, ನಾಲ್ಕನೇ ನಂಬರಿನದು. ಅದನ್ನು ಕೊಟ್ಟದ್ದು ಅಬುಧಾಬಿಯ ಒಬ್ಬ ಮುದುಕಿ. ಅವಳ ಗಂಡ ತನ್ನದೇ ಒಂದು ಸಣ್ಣ ಲ್ಯಾಬ್ ಇಟ್ಟುಕೊಂಡಿದ್ದವನು, ಆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಲ್ಲಿಯೇ ಸತ್ತಿದ್ದನಂತೆ. ಅರ್ಧ ದಿನ ಯಾರಿಗೂ ಗೊತ್ತಾಗಲಿಲ್ಲ, ನೋಡುತ್ತಿದ್ದಾನೆ ಎಂದೇ ತಿಳಿದಿದ್ದರು. ಅದರ ಎರಡು ತಿರುಗುಗುಂಡಿಗಳ ಕಪ್ಪು ಬಣ್ಣ ಬೆರಳು ತಾಗಿ ತಾಗಿ ಹೋಗಿತ್ತು. ಮಿಕ್ಕವನ್ನು ನಾನು ಒರೆಸುತ್ತಿದ್ದೆ, ಅದನ್ನು ಮುಟ್ಟುತ್ತಿರಲಿಲ್ಲ.

ಜುಲೈಯಲ್ಲಿ ಬಾಯಮ್ಮ ಮಂಗಳೂರಿಗೆ ಹೊರಟರು. ಆರು ವಾರ ರಜೆ ಎಂದರು. ಯಾಕೆ ಇಷ್ಟು ಬಿಸಿಲಿಗೆ, ಕ್ರಿಸ್ಮಸ್ಸಿಗೆ ಹೋಗಬಾರದೇ ಎಂದೆ. ಅವರು ಸೂಟ್‌ಕೇಸಿಗೆ ಬಟ್ಟೆ ಮಡಚಿ ಇಡುತ್ತಾ ಹೋದರು. ಸೆಪ್ಟೆಂಬರ್ ಕೊನೆಗೆ ಜೆಬೆಲ್ ಅಲಿ ಬಂದರಿನಿಂದ ಒಂದು ಕಂಟೇನರ್ ಆಫ್ರಿಕಾಕ್ಕೆ ಹೋಗುವುದಿತ್ತು, ಅದರಲ್ಲಿ ಒಬ್ಬ ಕಾರ್ಗೋದವನು ಇವರ ಪೆಟ್ಟಿಗೆಗಳಿಗೆ ಪುಣ್ಯಕ್ಕೆ ಜಾಗ ಕೊಟ್ಟಿದ್ದ. ಅಕ್ಟೋಬರಿನಲ್ಲಿ ಬಾಯಮ್ಮನಿಗೆ ರಿಟೈರ್, ವೀಸಾ ಕ್ಯಾನ್ಸಲ್, ಮನೆ ಖಾಲಿ. ಅದು ತಪ್ಪಿದರೆ ಮತ್ತೆ ಇಲ್ಲ. ನನ್ನ ಕೈಗೆ ಬೀಗದ ಕೈ ಕೊಟ್ಟರು.

“ಪ್ರತಿ ಶುಕ್ರವಾರ ಹೋಗಿ ಹರಳು ನೋಡಿ ಅಕ್ಕ. ಗುಲಾಬಿ ಆದ್ರೆ ಹುರಿದು ಇಡಿ. ಏಸಿ ಮಾತ್ರ ಬಂದ್ ಮಾಡ್ಬೇಡಿ. ಇದು ಊರಲ್ಲ. ಆಗಸ್ಟಿನಲ್ಲಿ ಇಲ್ಲಿ ಏಸಿ ನಿಂತ್ರೆ ಮನೆ ಕೊಳೆತು ಹೋಗ್ತದೆ. ಗಾಜೂ ಕೊಳೆಯುತ್ತದೆ.”

ಗಾಜು ಕೊಳೆಯುವುದುಂಟೇ! ನಾನು ಮನಸ್ಸಿನಲ್ಲೇ ನಕ್ಕೆ.

ಮೊದಲ ಎರಡು ಶುಕ್ರವಾರ ಹೋದೆ. ಬಾಗಿಲು ತೆರೆದರೆ ಒಳಗಿನ ತಂಪು ಬಂದು ಮುಖಕ್ಕೆ ತಾಗುತ್ತಿತ್ತು. ಯಾರೂ ಇಲ್ಲದ ಮನೆಯಲ್ಲಿ ಏಸಿ ತನ್ನಷ್ಟಕ್ಕೆ ಗುಂಯ್ ಎನ್ನುವುದು, ನಿಲ್ಲುವುದು, ಪುನಃ ಗುಂಯ್ ಎನ್ನುವುದು. ಮುಸುಕು ಹಾಕಿದ ಹನ್ನೆರಡು ತಲೆ. ಕಿಟಕಿಯ ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಪರದೆ ಎಳೆದ ಕತ್ತಲು. ನಾನು ಹರಳು ನೋಡಿ, ಲೆಕ್ಕ ಹಾಕಿ ಹನ್ನೆರಡು ಇದೆಯೆಂದು ನೋಡಿ ಬಂದುಬಿಡುತ್ತಿದ್ದೆ. ಯಾಕೆ ಎಣಿಸುತ್ತಿದ್ದೆ? ಯಾರು ಎದ್ದು ಹೋಗುತ್ತಾರೆ? ಗೊತ್ತಿಲ್ಲ. ಎಣಿಸುತ್ತಿದ್ದೆ.

ಮೂರನೇ ಶುಕ್ರವಾರ ಆಟಿ ತಿಂಗಳು ನಡೆಯುತ್ತಿತ್ತು. ನಮ್ಮಲ್ಲಿ ಆಟಿಯಲ್ಲಿ ಸತ್ತವರು ಮನೆಗೆ ಬರುತ್ತಾರೆಂದು ಎಲೆ ಹಾಕಿ ಬಡಿಸಿಡುವ ಕ್ರಮ. ದುಬೈಗೆ ಬಂದ ಮೇಲೆ ನಾನು ಅದೆಲ್ಲ ಬಿಟ್ಟಿದ್ದೆ. ಮಗನ ಮನೆಯಲ್ಲಿ ಬಾಳೆ ಎಲೆಗೆ ಎಲ್ಲಿಗೆ ಹೋಗುವುದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮಧ್ಯಾಹ್ನ ಎರಡು ಗಂಟೆ ಇರಬೇಕು. ಬೀಗ ತಿರುಗಿಸಿ ಒಳಗೆ ಕಾಲಿಟ್ಟೆ.

ಸಾಲಿನಲ್ಲಿ ಒಂದು ಮುಸುಕು ಒಳಗಿನಿಂದ ಬೆಳಗುತ್ತಿತ್ತು.

ಹನ್ನೊಂದು ಕತ್ತಲಲ್ಲಿ, ಒಂದು ಹಳದಿ. ಬಟ್ಟೆಯ ಒಳಗೆ ದೀಪ. ಎಡದಿಂದ ಎಣಿಸಿದೆ. ನಾಲ್ಕನೆಯದು.

ನಾನು ಕೂಗಲಿಲ್ಲ. ರಜೆಯ ದಿನವೆಂದು ಮಗ, ಸೊಸೆ ಮಗುವನ್ನು ಕರೆದುಕೊಂಡು ಹೊರಗೆ ಹೋಗಿದ್ದರು. ಕೂಗಿದರೆ ಯಾರು ಬರುತ್ತಾರೆ? ಕಾರಿಡಾರಿನ ಬಾಗಿಲುಗಳು ಗೊತ್ತಲ್ಲ. ಹಿಂದಿನ ವಾರ ನಾನು ಅದನ್ನು ಮುಟ್ಟಿರಲಿಲ್ಲ. ಯಾವ ವಾರವೂ ಮುಟ್ಟಿರಲಿಲ್ಲ. ಬಟ್ಟೆಯೊಳಗೆ ಬಲ್ಬು ಉರಿದರೆ ಬೆಂಕಿ ಹಿಡಿಯುತ್ತದೆ ಎಂಬ ಬುದ್ಧಿಯೂ ಆ ಹೊತ್ತಿಗೇ ಬಂತು. ಹತ್ತಿರ ಹೋಗಿ ಸ್ವಿಚ್ ಒತ್ತುವಷ್ಟು ಎದೆ ಬರಲಿಲ್ಲ. ಊರಿನಲ್ಲಿ ಗುಡುಗು ಸಿಡಿಲು ಎಂದರೆ, ಎರಡು ದಿನ ಮನೆ ಬಿಟ್ಟು ಹೋಗುವುದು ಎಂದರೆ, ಮೊದಲು ಮೈನ್ ಆಫ್ ಮಾಡುವುದು. ನನ್ನ ಅತ್ತೆ ಕಲಿಸಿದ್ದು, ನಾನು ಸೊಸೆಗೆ ಕಲಿಸಿದ್ದು. ಕೈ ತಾನಾಗಿ ಬಾಗಿಲ ಹಿಂದಿನ ಕರೆಂಟಿನ ಡಬ್ಬಕ್ಕೆ ಹೋಯಿತು. ದೊಡ್ಡ ಸ್ವಿಚ್ಚನ್ನು ಕೆಳಗೆ ಎಳೆದೆ. ದೀಪ ಹೋಯಿತು. ಏಸಿಯೂ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಅಂಥ ನಿಶ್ಶಬ್ದ ನಾನು ಮತ್ತೆ ಕೇಳಿಲ್ಲ.

ಬೀಗ ಹಾಕಿ ಬಂದೆ. ನಾಳೆ ಮಗನನ್ನು ಕರೆದುಕೊಂಡು ಹೋಗಿ ಪುನಃ ಆನ್ ಮಾಡಿಸೋಣ ಎಂದುಕೊಂಡೆ. ಮಗನಿಗೆ ಏನು ಹೇಳುವುದು? ಅಮ್ಮನಿಗೆ ವಯಸ್ಸಾಯಿತು, ಟಿಕೆಟ್ ಮಾಡಿ ಊರಿಗೆ ಕಳಿಸೋಣ ಎನ್ನುತ್ತಾನೆ. ನಾಳೆ ನಾಡಿದ್ದು ಎನ್ನುತ್ತಾ ನಾಲ್ಕು ವಾರ ಹೋಯಿತು. ನಾನು ಆ ಬಾಗಿಲು ತೆರೆಯಲಿಲ್ಲ.

ಶುಕ್ರವಾರ ಶುಕ್ರವಾರ ಬಾಯಮ್ಮನ ಫೋನು. ಒಂದೇ ಪ್ರಶ್ನೆ.

“ನೀಲಿ ಉಂಟಾ ಅಕ್ಕ?”

“ಉಂಟು.”

“ಹುರಿದ್ರಾ?”

“ಹುರಿದೆ.”

ನಾಲ್ಕು ಸಲ ಕೇಳಿದರು, ನಾಲ್ಕು ಸಲವೂ ಅದೇ ಹೇಳಿದೆ. ಪ್ರತಿ ವಾರ ಅವರ ಸ್ವರ ಸ್ವಲ್ಪ ಸ್ವಲ್ಪ ಸಣ್ಣ ಆಗುತ್ತಿತ್ತು. ಲೈನು ಸರಿ ಇಲ್ಲ ಎಂದುಕೊಂಡೆ.

ಅವರು ಬರುವ ದಿನ, ಅವರ ವಿಮಾನ ಇಳಿಯುವ ಹೊತ್ತಿಗೆ ಹೋಗಿ ಬಾಗಿಲು ತೆರೆದೆ. ವಾಸನೆ ಮೊದಲು ಬಂತು. ಮಳೆಗಾಲದಲ್ಲಿ ಒದ್ದೆ ಗೋಣಿಯನ್ನು ಮೂಲೆಯಲ್ಲಿ ಮರೆತರೆ ಬರುತ್ತದಲ್ಲ, ಅದು. ಮರುಭೂಮಿಯ ಊರಿನಲ್ಲಿ, ಮೂರನೇ ಮಾಳಿಗೆಯಲ್ಲಿ. ಗೋಡೆಗೆ ಕಪ್ಪು ಹಸಿರು ಚುಕ್ಕೆ, ಕುರ್ಚಿಯ ಕಾಲಿಗೆ ಬಿಳಿ ತುಪ್ಪಳ. ಹನ್ನೆರಡು ಮುಸುಕಿನ ಮೇಲೂ ಪಾಚಿಯ ಬಣ್ಣ. ಮುಟ್ಟಿದರೆ ಬಟ್ಟೆ ಚರ್ಮದ ಹಾಗೆ ತಣ್ಣಗೆ, ಪಸೆಪಸೆ. ಹರಳು ಒಂದೊಂದೂ ಗುಲಾಬಿ. ನಾನು ಮೈನ್ ಮೇಲಕ್ಕೆ ಎತ್ತಿದೆ. ಏಸಿ ಗುಂಯ್ ಎಂದಿತು. ನಾಲ್ಕನೆಯದು ಹತ್ತಲಿಲ್ಲ. ಮನೆಗೆ ಬಂದು ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದೆ.

ಬಾಯಮ್ಮ ಬಂದಾಗ ತಲೆಗೆ ಸ್ಕಾರ್ಫ್ ಕಟ್ಟಿದ್ದರು. ಮುಖ ಅರ್ಧ ಆಗಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

“ಏಸಿ ಕೆಟ್ಟಿತ್ತೋ ಏನೋ,” ಎಂದೆ ನಾನು, ಅವರು ಬಾಗಿಲಲ್ಲಿ ನಿಂತಿದ್ದಾಗಲೇ.

ಅವರು ಮನೆಯೆಲ್ಲ ಒಮ್ಮೆ ನೋಡಿದರು. ಅಡುಗೆಮನೆಯ ಓವನ್ನಿನ ಗಡಿಯಾರದಲ್ಲಿ ಹನ್ನೆರಡು ಸೊನ್ನೆ ಸೊನ್ನೆ ಎಂಬ ಕೆಂಪು ಅಂಕೆ ಮಿಟುಕುತ್ತಿತ್ತು. ಕರೆಂಟು ಹೋಗಿ ಈಗಷ್ಟೇ ಬಂದರೆ ಅದು ಹಾಗೆ ಮಿಟುಕುತ್ತದೆ. ನಮ್ಮ ಮನೆಯದೂ ಹಾಗೇ, ನನಗೆ ಗೊತ್ತಿತ್ತು. ಅವರು ಅದನ್ನು ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಮೇಜಿನ ಹಿಂದೆ ಬಗ್ಗಿ ಗೋಡೆಯಿಂದ ನಾಲ್ಕನೆಯದರ ಪ್ಲಗ್ ಎಳೆದರು. ಹನ್ನೆರಡರಲ್ಲಿ ಗೋಡೆಗೆ ಚುಚ್ಚಿದ್ದು ಅದೊಂದೇ.

“ಇದರ ಪ್ಲಗ್ ತೆಗೆಯಲು ನಾನು ಮರೆತೆ,” ಎಂದರು. “ಸ್ವಿಚ್ ಲೂಸ್ ಉಂಟು ಇದರದ್ದು. ಮೇಜಿಗೆ ಯಾರಾದ್ರೂ ತಾಗಿದ್ರೆ ತಾನೇ ಹತ್ತುತ್ತದೆ.”

ಯಾರು ತಾಗುವುದು? ಮನೆಯಲ್ಲಿ ಯಾರೂ ಇರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಉಳಿದದ್ದನ್ನೂ ಹೇಳಬೇಕು.

ಬಾಯಮ್ಮ ನೆಲದ ಮೇಲೆ ಹಳೆ ಸೀರೆ ಹಾಸಿ ಕೂತರು. “ಬನ್ನಿ. ಹತ್ತೊಂಬತ್ತು ದಿನ ಉಂಟು.”

ಹತ್ತೊಂಬತ್ತು ದಿನವೂ ಮಧ್ಯಾಹ್ನ ಕೂತೆವು. ಅವರು ಬಿಚ್ಚುವುದು, ನಾನು ಕಡ್ಡಿಗೆ ಹತ್ತಿ ಸುತ್ತಿ ಔಷಧ ಮುಟ್ಟಿಸಿ ಒರೆಸುವುದು. ಗಾಜು ನಿಜವಾಗಿ ಕೊಳೆಯುತ್ತದೆ. ನೋಡಿ ಎಂದು ತೋರಿಸಿದರು. ಬೆಳ್ಳಗಿನ ವೃತ್ತದಲ್ಲಿ ಒಂದು ಮರ. ಎಲೆ ಇಲ್ಲ, ಬರೀ ಕೊಂಬೆ, ಕೊಂಬೆಗೆ ಕೊಂಬೆ, ಎಷ್ಟು ನವುರು ಎಂದರೆ ಯಾರೋ ಉಸಿರಿನಲ್ಲಿ ಬರೆದ ಹಾಗೆ. ಬೂಜು ಗಾಜಿನ ಮೇಲೆ ಬೇರು ಬಿಡುತ್ತದೆ, ಒರೆಸಿದರೂ ಬೇರಿನ ಗೆರೆ ಗಾಜಿನಲ್ಲೇ ಉಳಿಯುತ್ತದೆ. ಕತ್ತಲೆ ಕೋಣೆಯಲ್ಲಿ ನಾಲ್ಕು ವಾರ ಅವು ಬೆಳೆಯುತ್ತಾ ಇದ್ದವು, ನಾನು ಈಚೆ ಬಾಗಿಲಿನ ಹಿಂದೆ ಕೂತು ‘ನೀಲಿ ಉಂಟು’ ಎನ್ನುತ್ತಾ ಇದ್ದೆ.

ಐದು ಪೂರಾ ಹೋದವು. “ಮಂದ ಕಾಣ್ತದೆ, ಆದ್ರೂ ಇಲ್ಲದ್ದಕ್ಕಿಂತ ಆಗ್ತದಲ್ಲಾ, ಕಳಿಸುವ,” ಎಂದೆ ನಾನು. ಬಾಯಮ್ಮ ಅದೊಂದು ಸಲ ಮಾತ್ರ ಸಿಟ್ಟಾದರು. “ಅವರಿಗೆ ಅಂತ ಆದ್ರೆ ಮಂದ ಆಗ್ತದಾ? ನಿಮ್ಮ ಮೊಮ್ಮಗಳ ರಕ್ತ ಇದರಲ್ಲಿ ನೋಡಿದ್ರೆ ಒಪ್ತೀರಾ?” ಎಂದರು. ಹಾಳಾದ ಐದರಿಂದ ಬಲ್ಬು, ಫ್ಯೂಸು, ತಿರುಪು, ಒಳ್ಳೆಯ ಗಾಜು ಎಲ್ಲ ತೆಗೆದು ಉಳಿದ ಏಳಕ್ಕೆ ಹಾಕಿದರು. ಒಂಬತ್ತನೇ ನಂಬರಿಗೆ ಕಣ್ಣಿಡುವ ಗಾಜು ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ನಾಲ್ಕನೆಯದರ, ಆ ಸತ್ತವನ ಗಾಜು. ಅದರ ಅಂಚಿನಲ್ಲಿ ಒಂದು ಸಣ್ಣ ಮರ ಉಳಿದಿತ್ತು. ಅದನ್ನು ತಿರುಗಿಸಿದರೆ ಮರವೂ ಜೊತೆಗೇ ತಿರುಗುತ್ತಿತ್ತು. ಬಾಯಮ್ಮ ಬಹಳ ಹೊತ್ತು ನೋಡಿದರು. “ಮೂಲೆಯಲ್ಲಿ ಉಂಟು. ನಡುವೆ ಸ್ವಚ್ಛ. ಇದೊಂದಕ್ಕೆ ಕ್ಷಮೆ ಕೇಳಿ ಬರೆಯುತ್ತೇನೆ,” ಎಂದು ಚೀಟಿಯಲ್ಲಿ ಏನೋ ಬರೆದರು. ಇಂಗ್ಲಿಷಿನಲ್ಲಿ. ನನಗೆ ಓದಲು ಬರಲಿಲ್ಲ, ಕೇಳಲು ಧೈರ್ಯ ಬರಲಿಲ್ಲ.

ಪೆಟ್ಟಿಗೆಗಳು ಹೋದವು. ಕಾರ್ಗೋದವನು “ಖಲಾಸ್, ಅಮ್ಮಾ” ಎಂದು ಬಾಗಿಲು ಎಳೆದುಕೊಂಡ. ಖಾಲಿ ಹಾಲಿನಲ್ಲಿ ನಾವಿಬ್ಬರೇ ನಿಂತಿದ್ದೆವು. ಬಾಯಮ್ಮ ಅಡುಗೆಮನೆಗೆ ಹೋಗಿ, ಅಷ್ಟು ದಿನ ಮಿಟುಕುತ್ತಲೇ ಇದ್ದ ಓವನ್ನಿನ ಗಡಿಯಾರವನ್ನು ಬೆರಳಿನಿಂದ ಒತ್ತಿ ಒತ್ತಿ ಸರಿಯಾದ ಹೊತ್ತಿಗೆ ನಿಲ್ಲಿಸಿದರು. ಎರಡು ವಾರದಲ್ಲಿ ಖಾಲಿ ಮಾಡುವ ಮನೆಗೆ ಗಡಿಯಾರ ಯಾಕೆ? ಆಮೇಲೆ ಈ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು.

“ಇದು ನಿಮಗೆ. ಹುರಿಯುದು ನಿಮಗೆ ಬರ್ತದಲ್ಲ.”

ಚುಚ್ಚಿದ್ದೋ, ಪ್ರೀತಿಗೆ ಹೇಳಿದ್ದೋ… ಮುಖ ನೋಡಿದೆ, ಗೊತ್ತಾಗಲಿಲ್ಲ. ಆಗ ಹೇಳಬೇಕಿತ್ತು. ಹೇಳಲಿಲ್ಲ. ಅವರು ಊರಿಗೆ ಹೋದರು. ಆ ವರ್ಷದ ಕ್ರಿಸ್ಮಸ್ ಅವರಿಗೆ ಸಿಗಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಕಾಯಿಲೆ ಮೊದಲೇ ಇತ್ತಂತೆ. ರಜೆ ಎಂದು ಹೋದದ್ದು ಅದಕ್ಕೇ ಅಂತೆ. ಆಸ್ಪತ್ರೆಯ ಮಂಚದಿಂದ ‘ನೀಲಿ ಉಂಟಾ’ ಎಂದು ಕೇಳುತ್ತಿದ್ದರಂತೆ… ಇಷ್ಟೇ. ನಾನು ಅಳಲಿಲ್ಲ. ಡಬ್ಬಿಯನ್ನು ಮೇಲಿನ ಕಪಾಟಿನಲ್ಲಿ ಹಿಂದಕ್ಕೆ ತಳ್ಳಿದೆ.

ಹೋದ ತಿಂಗಳು ಉಗಾಂಡದ ಟೀಚರಮ್ಮನ ಮೇಲ್ ಬಂತು. ಕಾರ್ಗೋ ಕಾಗದದಲ್ಲಿ ಬಾಯಮ್ಮ ಎರಡನೇ ವಿಳಾಸ ಎಂದು ನನ್ನ ಮಗನ ಮೇಲ್ ಕೊಟ್ಟಿದ್ದರಂತೆ. ಬಾಯಮ್ಮನಿಗೆ ಎಷ್ಟು ಬರೆದರೂ ಉತ್ತರ ಇಲ್ಲ, ಎಲ್ಲಿದ್ದಾರೆ ಎಂದು ಕೇಳಿದ್ದರು. ಮೊಮ್ಮಗಳು ಓದಿ ಹೇಳಿದಳು. ಅವಳಿಗೆ ಈಗ ಹನ್ನೊಂದು. ಏಳೂ ಮೈಕ್ರೋಸ್ಕೋಪುಗಳು ನಡೆಯುತ್ತಿವೆಯಂತೆ. ಚೀಟಿಗಳನ್ನು ಗೋಡೆಗೆ ಅಂಟಿಸಿದ್ದಾರೆ, ಬಲ್ಬು ಹೋದರೆ ಚೀಟಿ ನೋಡಿ ಅಲ್ಲಿನ ಪೇಟೆಯಲ್ಲೇ ತಂದು ಹಾಕುತ್ತಾರೆ. ಸಾಲು ನಿಲ್ಲುವುದು ಹೋಗಿದೆ. ಒಬ್ಬಳು ವಿದ್ಯಾರ್ಥಿನಿ ತನ್ನದೇ ಹಳ್ಳಿಯ ದಡದ ಬಸವನಹುಳದಲ್ಲಿ ಹುಳ ಕಂಡುಹಿಡಿದಳು, ಅದೇ ವಾರ ಮಕ್ಕಳು ಅಲ್ಲಿ ಮೀಯುವುದನ್ನು ನಿಲ್ಲಿಸಿದರು. ಮೊದಲಾದರೆ ಪರದೇಶಕ್ಕೆ ಕಳಿಸಿ ತಿಂಗಳುಗಟ್ಟಲೆ ಕಾಯಬೇಕಿತ್ತು. ‘ಈಗ ನಮ್ಮ ನೀರನ್ನು ನಾವೇ ನೋಡುತ್ತೇವೆ’ ಎಂದು ಬರೆದಿದ್ದರು.

ಮತ್ತೆ ಒಂದು ಮಾತು ಇತ್ತು. ಒಂಬತ್ತನೆಯದರಲ್ಲಿ ಒಂದು ಸಣ್ಣ ಮರ ಕಾಣುತ್ತದೆ. ಪ್ರತಿ ವರ್ಷ ಹೊಸದಾಗಿ ಬಂದವರು ಚಿತ್ರ ಬಿಡಿಸುವಾಗ ಅದನ್ನೂ ಬಿಡಿಸುತ್ತಾರೆ. ಅದು ನೀರಿನಲ್ಲಿ ಇರುವುದಲ್ಲ, ದೂರದಿಂದ ಬಂದದ್ದು, ಬಿಡಿಸಬೇಡಿ ಎಂದು ಟೀಚರಮ್ಮ ಪ್ರತಿ ವರ್ಷ ಹೇಳಬೇಕು. ಬೇರೆ ಗಾಜು ಸಿಕ್ಕಿದೆ, ಆದರೂ ತೆಗೆದಿಲ್ಲ. ಅದರ ಚೀಟಿಯಲ್ಲಿ ಬಾಯಮ್ಮ ಹೀಗೆ ಬರೆದಿದ್ದಾರೆ: ‘ಅಂಚಿನಲ್ಲಿ ಬೂಜಿನ ಗುರುತು ಉಂಟು. ಮನೆಯಲ್ಲಿ ಕರೆಂಟು ಆಫ್ ಆಗುವ ಹಾಗೆ ಮಾಡಿದ್ದು ನಾನು. ತಪ್ಪು ನನ್ನದು. ಕ್ಷಮಿಸಿ.’

“ಅಜ್ಜಿ, ವಾಟ್ ಹ್ಯಾಪನ್ಡ್?” ಎಂದಳು ಮೊಮ್ಮಗಳು.

“ಎಂತದೂ ಇಲ್ಲ, ಓದು,” ಎಂದೆ. ಮಗನಿಂದ ಬಾಯಮ್ಮ ತೀರಿಕೊಂಡ ವಿಷಯ ಮಾತ್ರ ಬರೆಸಿದೆ. ಬೇರೆ ಏನೂ ಬರೆಸಲಿಲ್ಲ. ಪ್ಲಗ್ ಮರೆಯುವುದು ಬೇರೆ. ನಾಲ್ಕು ವಾರ ಸುಳ್ಳು ಹೇಳುವುದು ಬೇರೆ. ಅವರು ಎರಡನ್ನೂ ತಮ್ಮ ತಲೆಗೆ ಹಾಕಿಕೊಂಡು ಹೋದರು, ನನ್ನನ್ನು ಒಂದು ಮಾತು ಕೇಳದೆ. ನನಗೆ ಅದು ಸರಿ ಕಾಣುವುದಿಲ್ಲ. ಅದಕ್ಕೇ ಈಗ ಇದನ್ನು ಬರೆದದ್ದು, ಮಗನ ಕೈಯಿಂದ ಇಂಗ್ಲಿಷಿಗೆ ಮಾಡಿಸಿ ಟೀಚರಮ್ಮನಿಗೂ ಕಳಿಸುತ್ತೇನೆ.

ಡಬ್ಬಿ ಸಿಕ್ಕಿದ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ಹಳೆಯ ಬಾಣಲೆ ಇಟ್ಟು, ಸಣ್ಣ ಉರಿಯಲ್ಲಿ ಹರಳು ಹುರಿದೆ. ಕೈ ಮರೆತಿರಲಿಲ್ಲ. ಗುಲಾಬಿ ನೇರಳೆಯಾಗಿ ನೀಲಿ ಆಯಿತು. ಬಿಸಿ ಬಿಸಿ ಸುರಿದು ಮುಚ್ಚಳ ಒತ್ತಿದೆ. ಆಮೇಲೆ ಸ್ಟವ್ ಆರಿಸಿ, ಡಬ್ಬಿಯ ಎದುರು ನಿಂತುಕೊಂಡೇ ಹೇಳಿದೆ.

“ಬಾಯಮ್ಮ, ಮೈನ್ ಆಫ್ ಮಾಡಿದ್ದು ನಾನು. ನೀಲಿ ಇರಲಿಲ್ಲ. ಒಂದು ವಾರವೂ ಹುರಿಯಲಿಲ್ಲ.”

ಏಸಿ ಗುಂಯ್ ಎನ್ನುತ್ತಿತ್ತು. ಅದು ನಿಂತಿತು. ಆಗ ಡಬ್ಬಿ ‘ಟಕ್’ ಎಂದಿತು.

ತಗಡು ತಣಿಯುವಾಗ ಹಾಗೆ ಆಗುತ್ತದೆ. ನನಗೆ ಗೊತ್ತಿಲ್ಲವೇ. ಆದರೂ, “ಹಾಂ, ಹೇಳಿ,” ಎಂದೆ.